ಮೂರನೆಯ ಮರಿಯ ಕಣ್ಣು

ಬೆಳಗಿನ ಐದೂವರೆ. ಕೋಣೆಯ ಗೋಡೆ ಬೂದಿ ಬಣ್ಣ, ಕಿಟಕಿಯ ಪರದೆ ಬೂದಿ ಬಣ್ಣ, ಕಂಪ್ಯೂಟರಿನ ಮುಂದೆ ಕೂತವರ ಅಂಗಿಯೂ ಬೂದಿ ಬಣ್ಣ. ಕೆಂಪು ತೊಟ್ಟು ಕೂತರೆ ಅದರ ಛಾಯೆ ಸ್ಕ್ರೀನಿಗೆ ಬಡಿದು ಬಿಳಿ ಕೊಕ್ಕರೆಗೂ ನಾಚಿಕೆ ಬಂದಂತೆ ಕಾಣುತ್ತದಂತೆ. "ಲೋಕದ ಬಣ್ಣ ಎಲ್ಲಾ ನನ್ನ ಕೈಯಲ್ಲಿ, ಉಡೋದು ಮಾತ್ರ ಬೂದಿ. ನಮ್ಮತ್ತೆ ನನ್ನನ್ನ ಒಲೆಯಿಂದ ಎದ್ದು ಬಂದೋಳು ಅಂತಾರೆ," ಎಂದು ನಗುತ್ತಾರೆ.

ಸ್ಕ್ರೀನಿನ ಮೇಲೆ ಒಂದು ಮಿಂಚುಳ್ಳಿ. ಕೊಕ್ಕಿಗೆ ಅಡ್ಡ ಬಂದ ಕಡ್ಡಿಯನ್ನು ಚೂರು ಚೂರಾಗಿ ಅಳಿಸುತ್ತಾರೆ. ಮಬ್ಬಾದ ಎದೆಗೆ ಬೆಳಕು ಎತ್ತುತ್ತಾರೆ. ಬೆನ್ನಿನ ನೀಲಿಯನ್ನು ಒಂದು ಕೂದಲೆಳೆ ಏರಿಸಿ, ಹೆಚ್ಚಾಯಿತೆಂದು ಮತ್ತೆ ಅರ್ಧ ಎಳೆ ಇಳಿಸುತ್ತಾರೆ. ಕೊನೆಗೆ ಕಣ್ಣಿನ ಕಪ್ಪಿನೊಳಗೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಇಡುತ್ತಾರೆ. "ಚುಕ್ಕೆ ಇಲ್ದಿದ್ರೆ ಹಕ್ಕಿ ಬೊಂಬೆ ಥರ ಇರುತ್ತೆ. ಚುಕ್ಕೆ ಬಿತ್ತು ಅಂದ್ರೆ ನಿಮ್ಮನ್ನೇ ನೋಡ್ತಿದೆ ಅನ್ಸುತ್ತೆ," ಎನ್ನುತ್ತಾರೆ.

ಇವರಿಗೆ ನಲವತ್ತಾರು ವರ್ಷ. ಬೀದಿಯವರಿಗೆಲ್ಲ ಹಕ್ಕಿಯಕ್ಕ. ಐದು ಜನ ಛಾಯಾಗ್ರಾಹಕರು ಕಾಡಿನಿಂದ ತಂದ ಚಿತ್ರಗಳನ್ನು ಇವರಿಗೆ ಕಳಿಸುತ್ತಾರೆ. ಇವರು ತಿದ್ದಿ ಕೊಟ್ಟಿದ್ದು ಅವರ ಅಂತರ್ಜಾಲ ಪುಟಗಳಲ್ಲಿ ಮೆರೆಯುತ್ತದೆ. ಹನ್ನೊಂದು ವರ್ಷದ ಕಸುಬು, ದಿನಕ್ಕೆ ನಲವತ್ತು ಹಕ್ಕಿ. ಹಾಗೆಂದು ಇವರು ಕಾಡಿಗೆ ಕಾಲಿಟ್ಟವರಲ್ಲ. "ಕಾಗೆ ಪಾರಿವಾಳ ಬಿಟ್ರೆ ಮಿಕ್ಕಿದ್ದೆಲ್ಲಾ ಈ ಕುರ್ಚೀಲೇ ನೋಡಿದ್ದು. ರೆಕ್ಕೆ ಗರಿ ಎಷ್ಟು ಅಂತ ಕೇಳಿ, ಹೇಳ್ತೀನಿ. ಹೇಗೆ ಕೂಗುತ್ತೆ ಅಂದ್ರೆ ಗೊತ್ತಿಲ್ಲ."

ಆ ಪುಟಗಳನ್ನು ನೀವೂ ನೋಡಿರುತ್ತೀರಿ. ಚಿತ್ರದ ಕೆಳಗೆ ಕ್ಯಾಮೆರಾ ಯಾವುದು, ಲೆನ್ಸು ಎಷ್ಟು ಉದ್ದ ಎಂದೆಲ್ಲ ಬರೆದಿರುತ್ತದೆ. ಜೀಪು ಓಡಿಸಿದವರಿಗೂ ಧನ್ಯವಾದ ಇರುತ್ತದೆ. ಬೆನ್ನು ಬಗ್ಗಿಸಿ ಗಂಟೆಗಟ್ಟಲೆ ಕೂತ ಕೈಯ ಸುದ್ದಿ ಮಾತ್ರ ಇಲ್ಲ. ಕೈ ಕೆಸರು ಇವರದು, ಬಾಯಿ ಮೊಸರು ಅವರದು. ನಾನು ಬರೆಯಲು ಬಂದಿದ್ದು ಇಷ್ಟನ್ನೇ. ಆದರೆ ಹಕ್ಕಿಯಕ್ಕನಿಗೆ ಇದರ ಬಗ್ಗೆ ಸಿಟ್ಟೇ ಇಲ್ಲ. ಅವರ ಸಿಟ್ಟು ಬೇರೆ, ಕೇಳಿದ ಮೇಲೆ ನನ್ನದೂ ಅದೇ.

ಕೆಲಸ ಬಂದಿದ್ದು ಅಪ್ಪನಿಂದ. ಅವರು ಒಂದು ಸ್ಟುಡಿಯೋದಲ್ಲಿ ನೆಗೆಟಿವ್ ತಿದ್ದುತ್ತಿದ್ದರು. ಮದುಮಗಳ ಮೊಡವೆ ಅಳಿಸುವುದು, ಮುಚ್ಚಿಹೋದ ರೆಪ್ಪೆ ತೆರೆಸುವುದು. ಮಗಳು ಪಕ್ಕದ ಸ್ಟೂಲಿನಲ್ಲಿ ಕೂತು ಅದನ್ನೇ ನೋಡುತ್ತ ಬೆಳೆದರು. ಸ್ಟುಡಿಯೋ ಮುಚ್ಚಿತು, ಕಣ್ಣಿನ ಕೆಲಸ ಮಗಳ ಕೈಗೆ ಬಂತು.

ಈ ಕಸುಬಿನಲ್ಲಿ ಎಲ್ಲಕ್ಕೂ ಒಂದೇ ಮಾತು: ಕ್ಲೀನ್ ಮಾಡಿ. ಕಡ್ಡಿ ಅಳಿಸುವುದೂ ಕ್ಲೀನು, ಹಿಂದೆ ಕಾಣುವ ವಿದ್ಯುತ್ ತಂತಿ ತೆಗೆಯುವುದೂ ಕ್ಲೀನು. ಹಕ್ಕಿಗಳಿಗೆ ಕಣ್ಣಿನ ಮೇಲೆ ತೆಳುವಾದ ಬಿಳಿ ಪೊರೆಯೊಂದಿದೆ, ಮಿಟುಕಿಸುವಾಗ ಅಡ್ಡ ಬರುತ್ತದೆ. ಆ ಕ್ಷಣಕ್ಕೆ ಕ್ಲಿಕ್ಕಿಸಿದರೆ ಕಣ್ಣು ಹಾಲು ಬಿದ್ದಂತೆ ಕಾಣುತ್ತದೆ. ಆಗ ಬೇರೆ ಚಿತ್ರದಿಂದ ಒಳ್ಳೆಯ ಕಣ್ಣು ತಂದು ಕೂರಿಸುತ್ತಾರೆ. ಅದೂ ಕ್ಲೀನೇ.

ಕಳೆದ ವರ್ಷ, ಐವರ ಪೈಕಿ ಹೆಚ್ಚು ಕೆಲಸ ಕೊಡುವವರು ಒಂದು ಚಿತ್ರ ಕಳಿಸಿದರು. ಅವರ ಲೆನ್ಸು ತೋಳಿನುದ್ದ, ಥೇಟ್ ತೋಪಿನ ನಳಿಗೆ. ಹಕ್ಕಿಯಕ್ಕನ ಅತ್ತೆ ಅವರನ್ನು ಫಿರಂಗಿಯವನು ಎನ್ನುತ್ತಾರೆ. ಬೋಳು ಕಡ್ಡಿಯ ಮೇಲೆ ನೊಣಹಿಡುಕ ಹಕ್ಕಿಯ ನಾಲ್ಕು ಮರಿಗಳು ಸಾಲಾಗಿ ಕೂತಿವೆ, ತಾಯಿ ಗುಟುಕು ಕೊಡಲು ಬಾಗಿದೆ. ಮೂರನೆಯ ಮರಿಯ ಕಣ್ಣು ಹಾಲಾಗಿತ್ತು. ಮಿಟುಕಿಸಿದೆ ಅಂದುಕೊಂಡ ಹಕ್ಕಿಯಕ್ಕ ಎರಡನೆಯ ಮರಿಯ ಕಣ್ಣನ್ನು ತಂದು ಇದಕ್ಕೆ ಕೂರಿಸಿ, ಚುಕ್ಕೆ ಇಟ್ಟು ಕೊಟ್ಟರು. ಚಿತ್ರ ಮನೆಮಾತಾಯಿತು. ತಾಯಿಯ ಮಮತೆ ಎಂದು ಲಕ್ಷಗಟ್ಟಲೆ ಜನ ಹಂಚಿದರು, ಶಾಲೆಗಳ ಗೋಡೆಗೆ ಅಂಟಿಸಿದರು. ಅದರ ಕೆಳಗೆ ಹೃದಯದ ಗುರುತು ಒತ್ತಿದವರಲ್ಲಿ ನಾನೂ ಒಬ್ಬ.

ಎರಡು ತಿಂಗಳ ಹಿಂದೆ ಅದೇ ಫಿರಂಗಿಯವರಿಂದ ಬೇರೆ ಮರಿಗಳ ಹೊಸ ಚಿತ್ರಗಳು ಬಂದವು. ಜೊತೆಗೊಂದು ಸಾಲು: ಕಾಲಿನ ಹತ್ತಿರ ಏನೋ ಹೊಳೆಯುತ್ತಿದೆ, ಕ್ಲೀನ್ ಮಾಡಿ. ಹಕ್ಕಿಯಕ್ಕ ದೊಡ್ಡದು ಮಾಡಿ ನೋಡಿದರು. ಒಣಗಿದ ಅಂಟು. ಗೂಡಿನಿಂದ ಮರಿಗಳನ್ನು ತೆಗೆದು, ಕಡ್ಡಿಗೆ ಅವುಗಳ ಕಾಲು ಅಂಟಿಸಿ ಸಾಲಾಗಿ ಕೂರಿಸಿದ್ದರು. ಹಸಿದ ಮರಿ ಕೂಗಿದರೆ ತಾಯಿ ಎಲ್ಲಿದ್ದರೂ ಬರಲೇಬೇಕಲ್ಲ.

ಹಕ್ಕಿಯಕ್ಕ ಕಳೆದ ವರ್ಷದ ಆ ನಾಲ್ಕು ಮರಿಗಳ ಚಿತ್ರಗಳನ್ನು ಮತ್ತೆ ತೆರೆದರು. ಅಂದು ಫಿರಂಗಿಯವರು ಹತ್ತೊಂಬತ್ತು ಕಳಿಸಿದ್ದರು. ಇವರು ತಾಯಿ ಹಕ್ಕಿ ಚೆನ್ನಾಗಿ ಮೂಡಿದ ಒಂದನ್ನು ಆರಿಸಿ, ಉಳಿದವನ್ನು ಸರಸರನೆ ದಾಟಿಸಿದ್ದರು. ಮೊದಲ ಚಿತ್ರಕ್ಕೂ ಕೊನೆಯದಕ್ಕೂ ನಲವತ್ತು ನಿಮಿಷದ ಅಂತರ. ಉಳಿದ ಮೂರು ಮರಿಗಳ ಕತ್ತು ಆ ಕಡೆ ಈ ಕಡೆ ತಿರುಗಿದೆ. ಸಾಲಿನ ಮೂರನೆಯದು ಹತ್ತೊಂಬತ್ತು ಚಿತ್ರಗಳಲ್ಲೂ ಹಾಗೇ ಇದೆ, ಅದೇ ಹಾಲುಗಣ್ಣು.

"ನಲವತ್ತು ನಿಮಿಷ ಯಾರು ಮಿಟುಕಿಸ್ತಾನೇ ಇರ್ತಾರೆ?" ಎನ್ನುವಾಗ ಹಕ್ಕಿಯಕ್ಕನ ದನಿ ಗಡುಸಾಗುತ್ತದೆ. "ನಮ್ಮಪ್ಪಾನೂ ಸತ್ತೋರ ಕಣ್ಣು ತೆರೆಸ್ತಿದ್ರು. ಮನೇಲಿ ಬೇರೆ ಫೋಟೋನೇ ಇಲ್ಲ ಅಂತ ಸತ್ತ ಮೇಲೆ ತೆಗೆಸಿದ್ದನ್ನ ತರೋರು. ಅಪ್ಪ ಮನೆಯವ್ರನ್ನ ಕೂರಿಸ್ಕೊಂಡು ಕೇಳೋರು, ಕಣ್ಣು ದೊಡ್ಡದಿತ್ತಾ, ಚಿಕ್ಕದಿತ್ತಾ ಅಂತ. ಸುಳ್ಳು ಅಂತ ಅವ್ರಿಗೂ ಗೊತ್ತು, ಇವ್ರಿಗೂ ಗೊತ್ತು. ನಾನು ಊರಿಗೆಲ್ಲಾ ಸುಳ್ಳು ಹೇಳ್ದೆ. ಚಿತ್ರಾನೇ ದಿನಾ ನೋಡೋಳು, ನೋಡ್ಬೇಕಾದ್ದು ನೋಡ್ಲಿಲ್ಲ."

ಅಂಟು ಅಳಿಸುವುದಿಲ್ಲ, ಹಳೆಯ ಚಿತ್ರವನ್ನೂ ತೆಗೆದುಬಿಡಿ ಎಂದು ಫಿರಂಗಿಯವರಿಗೆ ಬರೆದರು. ಉತ್ತರ ಚಿಕ್ಕದಾಗಿತ್ತು: ನಿಮ್ಮ ಕೆಲಸ ಕ್ಲೀನ್ ಮಾಡುವುದು, ಅಷ್ಟು ಮಾಡಿ. ಆಮೇಲೆ ಅವರೂ, ಐವರಲ್ಲೇ ಇದ್ದ ಅವರ ಸ್ನೇಹಿತರಿಬ್ಬರೂ ಕೆಲಸ ಕಳಿಸುವುದನ್ನು ನಿಲ್ಲಿಸಿದರು. ನಲವತ್ತು ಹಕ್ಕಿಯ ದಿನ ಈಗ ಹನ್ನೆರಡಕ್ಕೆ ಇಳಿದಿದೆ. ಅರಣ್ಯ ಇಲಾಖೆಗೆ ಬರೆದ ದೂರಿಗೆ ಉತ್ತರವಿಲ್ಲ. ಮಮತೆಯ ಮಾತು ಬರೆದ ಲಕ್ಷ ಜನ, ಆ ಮಮತೆಯನ್ನೇ ಬಲೆ ಮಾಡಿದವನ ಬೆನ್ನು ತಟ್ಟುತ್ತಲೇ ಇದ್ದಾರೆ. ಇದನ್ನು ಮೆತ್ತಗೆ ಬರೆಯಲು ನನಗೆ ಬರುವುದಿಲ್ಲ.

ಆದದ್ದಾಗಲಿ ಎಂದು ಹಕ್ಕಿಯಕ್ಕ ಆ ಚಿತ್ರದ ಕೆಳಗೇ ಮೂರು ಸಾಲು ಬರೆದು ಹಾಕಿದರು. ಫಿರಂಗಿಯವರು ಅಳಿಸಿದರು, ಇವರು ಮತ್ತೆ ಬರೆಯದ ಹಾಗೆ ತಡೆದರು. ಮರುದಿನ ಗಂಡನ ಫೋನಿನಿಂದ ಬರೆದರು. ಅದನ್ನೂ ಅಳಿಸಿ, ಆ ಫೋನನ್ನೂ ತಡೆದರು. ಮೂರನೆಯ ದಿನ ಅತ್ತೆ ತಾವೇ ಫೋನು ತಂದು ಮೇಜಿನ ಮೇಲಿಟ್ಟರಂತೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ಇಲ್ಲಿ ಬಾಯಿ ಹಾಕುತ್ತಾರೆ: "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ತಪ್ಪು ಮಾಡ್ದೆ ಇದ್ರೆ ಅಳಿಸೋದ್ಯಾಕೆ? ನನ್ನ ಹೆಸರಲ್ಲಿ ಬರಿಯಮ್ಮ ಅಂದೆ. ಈ ವಯಸ್ಸಲ್ಲಿ ನನ್ನನ್ನ ಯಾವ ಕಡ್ಡಿಗೆ ಅಂಟಿಸ್ತಾನೆ?"

ಅತ್ತೆಯ ನಂತರ ಇಸ್ತ್ರಿ ಅಂಗಡಿಯವರು, ಕೆಳಮನೆಯ ನರ್ಸು, ನಲ್ಲಿ ರಿಪೇರಿಯವರು. ಹೀಗೆ ಇಪ್ಪತ್ತೆರಡು ಬೆಳಗು, ಇಪ್ಪತ್ತೆರಡು ಫೋನು. ಈ ಕಾಯಿ ಎಲೆಮರೆಯಲ್ಲೇ ಇದ್ದಿದ್ದರೆ ಫಿರಂಗಿಯವರಿಗೂ ಆ ಲಕ್ಷ ಜನಕ್ಕೂ ಹಿತವಾಗಿತ್ತು.

ಈಗ ಹಕ್ಕಿಯಕ್ಕ ಮಿಂಚುಳ್ಳಿಯ ಚಿತ್ರವನ್ನು ಸೇವ್ ಮಾಡಿ ನನ್ನ ಕಡೆ ತಿರುಗುತ್ತಾರೆ. "ನಿಮ್ಮದು ಕೊಡ್ತೀರಾ? ನಿಮ್ಗೆ ತೊಂದ್ರೆ ಆದ್ರೂ ಆಗ್ಬಹುದು, ಮೊದ್ಲೇ ಹೇಳ್ತೀನಿ." ನಾನು ಫೋನು ಕೊಡುತ್ತೇನೆ. ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಾರೆ: ಸಾಲಿನಲ್ಲಿ ಮೂರನೆಯ ಮರಿ ಸತ್ತಿದೆ. ಕಾಲಿಗೆ ಅಂಟು ಹಾಕಿದ್ದಾರೆ. ಕಣ್ಣು ಇಟ್ಟವಳು ನಾನು, ಹಕ್ಕಿಯಕ್ಕ. ಆರು ಗಂಟೆ ಹತ್ತು ನಿಮಿಷಕ್ಕೆ ಅದು ಚಿತ್ರದ ಕೆಳಗೆ ಕೂರುತ್ತದೆ.

ಫಿರಂಗಿಯವರು ಎದ್ದು ಇದನ್ನು ಅಳಿಸುವುದು ಎಷ್ಟು ಹೊತ್ತಿಗೆ ಎಂದು ಕೇಳುತ್ತೇನೆ. "ಎಂಟಕ್ಕೆ. ಅಂಟು ಹಾಕಿದ ಹಕ್ಕಿ ಫೋಟೋ ತೆಗೆಯೋಕೆ ಬೇಗ ಏಳೋದೇನಿದೆ?"

ಇಂಥ ಲೇಖನದ ಕೊನೆಗೆ ನಾವು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ, ಅದನ್ನೂ ಕೇಳುತ್ತೇನೆ: ನಿಮ್ಮ ಆಸೆ ಏನು?

ಹಕ್ಕಿಯಕ್ಕ ಫೋನನ್ನು ನನ್ನ ಕೈಗೆ ಕೊಡುತ್ತಾರೆ. "ಅವ್ರಿಗೆ ಒಳ್ಳೆ ನಿದ್ದೆ ಬರ್ಲಿ. ಒಂದಿನ ಒಂಬತ್ತರವರೆಗೂ ಮಲಗ್ಲಿ."