ಹಣ ಸಂದಿದೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಬಿಲ್ಲುಗಳು ಐದು ಎಂದು ನನ್ನ ನೆನಪು, ಆರೂ ಇದ್ದಿರಬಹುದು. ಆ ಆಫೀಸಿನ ಮೆಟ್ಟಿಲು ಹತ್ತಿದ ದಿನ ಮಳೆ ಬರುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ. ಆದರೆ ಆ ದಿನದ ಡೈರಿಯಲ್ಲಿ ‘ಬಿಸಿಲು, ತಲೆನೋವು’ ಎಂದು ನನ್ನದೇ ಅಕ್ಷರದಲ್ಲಿದೆ. ಡೈರಿಯನ್ನಾದರೂ ಪೂರ್ತಿ ನಂಬುವ ಹಾಗಿಲ್ಲ. ಬೀಗವಿಲ್ಲದ ಟ್ರಂಕಿನಲ್ಲಿ ಅದನ್ನು ಇಡುತ್ತಿದ್ದೆ. ಮನೆಯವರು ಯಾರಾದರೂ ಓದಬಹುದು ಎಂದು ಗೊತ್ತಿದ್ದೇ ಬರೆಯುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ಅಪ್ಪ, ಅಮ್ಮ ಇಬ್ಬರೂ ಇರಲಿಲ್ಲ. ಇಂಗ್ಲಿಷ್ ಎಂ.ಎ. ಮುಗಿಸಿ ನಾನು ರಾಜಾಜಿನಗರದಲ್ಲಿ ಅಕ್ಕನ ಮನೆ ಸೇರಿದ್ದೆ. ಒಂದು ಕೋಣೆ, ಒಂದು ನಡುಮನೆ, ಅಡುಗೆಮನೆ. ಕೋಣೆ ಅಕ್ಕ ಭಾವನದು. ನಾನು ನಡುಮನೆಯಲ್ಲಿ ಹಾಸಿಗೆ ಹಾಸಿಕೊಳ್ಳುತ್ತಿದ್ದೆ, ಬೆಳಿಗ್ಗೆ ಹಾಲಿನವಳು ಬರುವ ಮೊದಲು ಸುತ್ತಿಡುತ್ತಿದ್ದೆ. ಆ ಮನೆಯಲ್ಲಿ ನಾನು ಮುಚ್ಚಿಕೊಳ್ಳಬಹುದಾದ ಬಾಗಿಲೆಂದರೆ ಬಚ್ಚಲುಮನೆಯದು ಒಂದೇ. ಅಕ್ಕ ಒಳ್ಳೆಯವಳು. ಭಾವನೂ ಎಂದೂ ಗಟ್ಟಿಯಾಗಿ ಮಾತಾಡಿದವರಲ್ಲ. ಅದಕ್ಕೇ ನನಗೆ ಅಲ್ಲಿ ಉಸಿರು ಕಟ್ಟುತ್ತಿದೆ ಎಂದು ಯಾರ ಹತ್ತಿರವೂ ಹೇಳಲು ಆಗುತ್ತಿರಲಿಲ್ಲ.

ಭಾವ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದರು. ಮನೆಯಲ್ಲಿ ಸುಮ್ಮನೆ ಕೂತಿದ್ದೇನೆ ಎಂದು ಅವರೇ ನನಗೊಂದು ಕೆಲಸ ಹುಡುಕಿದರು. ಹಳ್ಳಿಯ ಜನರಿಗಾಗಿ ಸಣ್ಣ ಪುಸ್ತಿಕೆಗಳನ್ನು ಅಚ್ಚು ಹಾಕಿಸುವ ಆಫೀಸೊಂದಿತ್ತು. ಕುಡಿಯುವ ನೀರು, ಗೊಬ್ಬರ, ಮಕ್ಕಳಿಗೆ ಚುಚ್ಚುಮದ್ದು, ಇಂಥ ವಿಷಯಗಳು. ಇಂಗ್ಲಿಷಿನಲ್ಲಿದ್ದುದನ್ನು ನಾನು ಕನ್ನಡಕ್ಕೆ ಮಾಡಬೇಕು, ಪುಟಕ್ಕೆ ಇಷ್ಟು ಎಂದು ಕೊಡುತ್ತಾರೆ. ಕಾಗದಗಳನ್ನು ಭಾವ ತರುತ್ತಿದ್ದರು, ಭಾವನೇ ಒಯ್ಯುತ್ತಿದ್ದರು.

ಬರೆದದ್ದನ್ನು ಮೊದಲು ಹೇರೋಹಳ್ಳಿಯಿಂದ ಬರುವ ಹಾಲಿನವಳಿಗೆ ಓದಿ ಹೇಳುತ್ತಿದ್ದೆ. ಅವಳು ಕ್ಯಾನು ಇಳಿಸಿ ಹೊಸ್ತಿಲ ಹೊರಗೆ ಕೂತು ಕೇಳುತ್ತಿದ್ದಳು.

“ಸಾವಯವ ತ್ಯಾಜ್ಯದ ಕುಣಿ ಅಂದ್ರೆ ಏನವ್ವಾ?”

“ಕಸ, ಸಗಣಿ ಎಲ್ಲ ಹಾಕ್ತೀರಲ್ಲ, ಅದು.”

“ತಿಪ್ಪೆಗುಂಡಿ ಅನ್ನಿ ಮತ್ತೆ. ಓದಿರೋರು ತಿಪ್ಪೇಗೂ ನಾಮಕರಣ ಮಾಡ್ಬುಟ್ರಾ?”

ನಾನು ಹೊಡೆದು ಹಾಕಿ ತಿಪ್ಪೆಗುಂಡಿ ಎಂದೇ ಬರೆದೆ. ಆ ಕೆಲಸ ನನಗೆ ಹಿಡಿಸಿತ್ತು.

ಮೊದಲ ಪುಸ್ತಿಕೆ ಮುಗಿದಾಗ ಭಾವ, ಬಿಲ್ ಬರೆದುಕೊಡು ಎಂದರು. ನಾನು ಬರೆದದ್ದು ಒಂದು ಪತ್ರ. ‘ಮಾನ್ಯರೇ, ತಮ್ಮ ಅನುಕೂಲ ನೋಡಿಕೊಂಡು ಸಂಭಾವನೆ ಕಳಿಸಿದಲ್ಲಿ ಉಪಕಾರವಾಗುತ್ತದೆ.’ ಭಾವ ಕನ್ನಡಕ ಏರಿಸಿ ಓದಿ ಅಕ್ಕನನ್ನು ಕರೆದರು.

“ನೋಡೇ ಇಲ್ಲಿ, ನಿನ್ ತಂಗಿ ಲಗ್ನಪತ್ರಿಕೆ ಬರ್ದಿದಾಳೆ. ಬಿಲ್ ಅಂದ್ರೆ ಬೇಡೋದಲ್ಲಮ್ಮ. ಕೆಲಸ ಮಾಡಿದೀಯ, ಕೇಳ್ತಿದೀಯ, ಅಷ್ಟೇ.”

“ಹೇಗೆ ಬರೀಬೇಕು ಭಾವ?”

“ನಂಬರ್ ಹಾಕು. ತಾರೀಖು. ಯಾವ ಪುಸ್ತಕ, ಎಷ್ಟು ಪುಟ, ಪುಟಕ್ಕೆಷ್ಟು. ಮೊತ್ತ ಅಂಕೀಲೂ ಬೇಕು, ಅಕ್ಷರದಲ್ಲೂ ಬೇಕು. ಕೆಳಗೊಂದು ಕಾರ್ಬನ್ ಇಟ್ಕೊ. ಒಂದು ಪ್ರತಿ ನಿನ್ ಹತ್ರ ಇರ್ಲಿ. ನಾಳೆ ಯಾರಾದ್ರೂ ಇಲ್ಲ ಅಂದ್ರೆ ಏನ್ ತೋರಿಸ್ತೀಯ?”

ಬಿಲ್ ಬರೆಯುವ ವಿಷಯದಲ್ಲಿ ನನಗೆ ಇಂದು ಗೊತ್ತಿರುವುದರಲ್ಲಿ ಬಹುಪಾಲು ಅವರು ಆ ಸಂಜೆ ಹೇಳಿಕೊಟ್ಟದ್ದೇ. ಇದನ್ನು ಹೇಳದೆ ಮುಂದಿನದನ್ನು ಬರೆದರೆ ನ್ಯಾಯವಲ್ಲ.

ಕೊನೆಗೆ ಅವರು ಜೇಬಿನಿಂದ ಒಂದು ರೆವಿನ್ಯೂ ಸ್ಟ್ಯಾಂಪ್ ತೆಗೆದು, ಬಿಲ್ಲಿನ ಕೆಳಗೆ ಅಂಟಿಸಿ, “ಇಲ್ಲಿ ‘ಹಣ ಸಂದಿದೆ’ ಅಂತ ಬರ್ದು ಸ್ಟ್ಯಾಂಪಿನ ಮೇಲೆ ಅಡ್ಡ ಸೈನ್ ಮಾಡು,” ಎಂದರು.

“ಇನ್ನೂ ಸಂದಿಲ್ವಲ್ಲ ಭಾವ.”

“ಆಫೀಸಲ್ಲಿ ಹಂಗೇ ಕಣಮ್ಮ. ರಸೀದಿ ಮೊದ್ಲು, ದುಡ್ಡು ಆಮೇಲೆ. ಅದಿಲ್ದೆ ಬಿಲ್ ಒಳಗೇ ತಗೊಳಲ್ಲ.”

ಅದು ನಿಜವೇ. ಆಗ ಎಷ್ಟೋ ಕಡೆ ಹಾಗೆಯೇ ಇತ್ತು, ನಂತರ ನಾನೇ ವಿಚಾರಿಸಿದ್ದೇನೆ. ನಾನು ಬರೆದೆ, ಸಹಿ ಹಾಕಿದೆ. ಮುಂದಿನ ಬಿಲ್ಲುಗಳಿಗೂ ಹಾಗೆಯೇ.

ಮೊದಲ ಬಿಲ್ಲಿನ ಹಣ ಬಂತು. ಭಾವ ತಂದು ಕೈಯಲ್ಲಿಟ್ಟರು. ಎರಡನೆಯದರಿಂದ ಮುಂದೆ ಯಾವುದಕ್ಕೂ ಹಣ ಬರಲಿಲ್ಲ. ಕೇಳಿದರೆ, “ಇನ್ನೂ ಪಾಸಾಗಿಲ್ಲ, ಆಡಿಟ್ ನಡೀತಿದೆ,” ಎನ್ನುತ್ತಿದ್ದರು. ಬಾಕಿ ನಿಂತರೂ ನನಗೆ ಗಾಬರಿಯಾಗಲಿಲ್ಲ. ನನ್ನ ಕೈಗೆ ಬಂದು ಸಣ್ಣಪುಟ್ಟದಕ್ಕೆ ಖರ್ಚಾಗುವುದಕ್ಕಿಂತ ಆಫೀಸಿನಲ್ಲಿ ಕೂಡಿ ಬೀಳಲಿ ಎಂದೂ ಅಂದುಕೊಂಡಿದ್ದೆ. ಮೈಸೂರಿನಲ್ಲಿ ಬಿ.ಎಡ್. ಸೀಟಿಗೆ ಅರ್ಜಿ ಹಾಕಿದ್ದೆ. ಅದು ಮುಗಿದರೆ ಸ್ಕೂಲಿನಲ್ಲಿ ಕೆಲಸ, ನನ್ನದೇ ಸಂಬಳ. ಅದಕ್ಕೂ ಮೊದಲು ಒಂದು ವರ್ಷ ಹಾಸ್ಟೆಲ್, ಒಂದು ಮಂಚ, ಅದರ ಪಕ್ಕಕ್ಕೆ ಒಂದು ಬಾಗಿಲು. ಸೀಟು ಸಿಕ್ಕಿತು ಎಂಬ ಕಾರ್ಡು ಬಂದಾಗ ಕಾರ್ಬನ್ ಪ್ರತಿಗಳನ್ನೆಲ್ಲ ಹರಡಿಕೊಂಡು ಲೆಕ್ಕ ಕೂಡಿದೆ. ಬಾಕಿಯೆಲ್ಲ ಬಂದರೆ ಫೀಸಿನ ಮೊದಲ ಕಂತೂ ಹಾಸ್ಟೆಲಿನ ಠೇವಣಿಯೂ ಕಟ್ಟಿ ಬಸ್ಸಿಗೂ ಉಳಿಯುತ್ತಿತ್ತು. ಕಟ್ಟಲು ಹತ್ತು ದಿನ ಅವಧಿ ಇತ್ತು.

ಎರಡು ದಿನ ಭಾವನಿಗೆ ನೆನಪಿಸಿದೆ. ಮೂರನೆಯ ದಿನ, ಅವರು ಕೆಲಸಕ್ಕೆ ಹೋದಮೇಲೆ, ಗೆಳತಿಯ ಮನೆಗೆ ಎಂದು ಅಕ್ಕನಿಗೆ ಸುಳ್ಳು ಹೇಳಿ ಬಸ್ಸು ಹತ್ತಿದೆ.

ಆಫೀಸಿನ ಗುಮಾಸ್ತರು ಮರ್ಯಾದೆಯಿಂದಲೇ ಕೂರಿಸಿದರು. ದೊಡ್ಡ ಫೈಲು ತೆಗೆದು ನನ್ನ ಬಿಲ್ಲುಗಳನ್ನು ಒಂದೊಂದಾಗಿ ತಿರುವಿದರು. ಅಚ್ಚುಕಟ್ಟಾಗಿದ್ದವು. ನಂಬರು, ತಾರೀಖು, ಪುಟ, ಮೊತ್ತ, ಅಂಕಿಯಲ್ಲೂ ಅಕ್ಷರದಲ್ಲೂ.

“ಇಷ್ಟು ನೀಟಾಗಿ ಯಾರೂ ಬಿಲ್ ಕೊಡಲ್ಲಮ್ಮ. ಎಲ್ಲಾ ಪಾಸಾಗಿ ಆಗ್ಲೇ ಎಷ್ಟೋ ದಿನ ಆಯ್ತಲ್ಲ.”

“ನನಗೆ ಬಂದಿಲ್ಲ ಸಾರ್.”

ಅವರು ಬೆರಳಿಟ್ಟು ತೋರಿಸಿದರು. “ಹಣ ಸಂದಿದೆ. ಇದು ನಿಮ್ದೇ ಸೈನ್ ತಾನೇ?”

“ಹೌದು.”

“ಮತ್ತೆ?”

“ಯಾರ ಕೈಗೆ ಕೊಟ್ರಿ?”

“ಬಿಲ್ ಯಾರು ತರ್ತಾರೋ ಅವರ ಕೈಗೇ ಕೊಡೋದು. ಇಲ್ಲಿ ದಿನಕ್ಕೆ ನಲವತ್ತು ಜನ ಬರ್ತಾರೆ. ಇದರಲ್ಲಂತೂ ನಿಮ್ ಸೈನ್ ಬಿಟ್ಟು ಬೇರೆ ಯಾರದೂ ಇಲ್ಲ.”

ಭಾವ ತೆಗೆದುಕೊಂಡರೋ, ಗುಮಾಸ್ತರೇ ಇಟ್ಟುಕೊಂಡು ಭಾವನಿಗೆ ಆಡಿಟ್ಟಿನ ಕತೆ ಹೇಳುತ್ತಿದ್ದರೋ, ಆ ಕಾಗದದಿಂದ ತಿಳಿಯುವಂತಿರಲಿಲ್ಲ. ಅದು ತಿಳಿಸುತ್ತಿದ್ದುದು ಒಂದೇ: ತೆಗೆದುಕೊಂಡವಳು ನಾನು. ನನ್ನ ಚೀಲದಲ್ಲಿದ್ದ ಕಾರ್ಬನ್ ಪ್ರತಿಗಳನ್ನು ತೆಗೆದು ತೋರಿಸಲು ಹೋದೆ. ಅವುಗಳ ಕೆಳಗೂ ನೀಲಿ ಅಕ್ಷರದಲ್ಲಿ ಅದೇ ಮಾತು, ಅದೇ ಸಹಿ. ವಾಪಸು ಒಳಗಿಟ್ಟೆ.

ಆ ಸಂಜೆ ಊಟಕ್ಕೆ ಕೂತಾಗ ನಾನು ಕೇಳುವ ಮೊದಲೇ ಭಾವ, “ನಿನ್ ಬಿಲ್ ಮುಂದಿನ ವಾರ ಆಗ್ಬಹುದಮ್ಮ,” ಎಂದರು. ಅಕ್ಕ ಅವರ ತಟ್ಟೆಗೆ ಸಾರು ಬಡಿಸುತ್ತಿದ್ದಳು. ಆಫೀಸಿಗೆ ಹೋಗಿದ್ದೆ ಎಂಬ ಮಾತು ನಾಲಿಗೆಯವರೆಗೆ ಬಂದಿತ್ತು. ಕಳ್ಳರೆಂದು ಹೇಳಿ ಅದು ಸುಳ್ಳಾದರೆ? ನಿಜವಾದರೆ ಆ ರಾತ್ರಿ ಹಾಸಿಗೆ ಎಲ್ಲಿ ಹಾಸುವುದು? ಅವರ ಅನ್ನ ನನ್ನ ತಟ್ಟೆಯಲ್ಲಿತ್ತು. ನಾನು, “ಸರಿ ಭಾವ,” ಎಂದೆ. ಆ ಎರಡು ಮಾತು ಆಡದೇ ಇದ್ದಿದ್ದರೆ ಎಂದು ಎಷ್ಟು ಸಲ ಯೋಚಿಸಿದ್ದೇನೋ. ಆದರೆ ಆಗ ನನಗಿದ್ದದ್ದು ಧೈರ್ಯದ ಕೊರತೆಯೋ ಲೆಕ್ಕಾಚಾರವೋ, ಈಗ ಹೇಳಲಾರೆ.

ಮುಂದಿನ ಪುಸ್ತಿಕೆಗೆ ಬಿಲ್ ಮಾತ್ರ ಬರೆದೆ. ರಸೀದಿಯ ಸಾಲು ಬಿಟ್ಟೆ.

“ಕೆಳಗಿಂದು ಮರ್ತಿದೀಯಲ್ಲ,” ಎಂದರು ಭಾವ.

“ದುಡ್ಡು ಬಂದ ದಿನ ಬೇರೆ ಕಾಗದದಲ್ಲಿ ಬರ್ದುಕೊಡ್ತೀನಿ.”

“ಹಂಗೆಲ್ಲ ನಡಿಯಲ್ಲಮ್ಮ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಒಯ್ದರು. ಮರುದಿನ ಬಿಲ್ಲು ಹಾಗೆಯೇ ವಾಪಸು ಬಂತು. ಮತ್ತೆ ಕೆಲಸ ಬರಲಿಲ್ಲ.

ಆಮೇಲಿನ ಎಲ್ಲಾ ವರ್ಷಗಳಲ್ಲೂ ಮನೆಯಲ್ಲೇ ಕೂತು ಅನುವಾದ, ಪ್ರೂಫ್ ತಿದ್ದುವುದು ಮಾಡಿ ಬದುಕಿದ್ದೇನೆ. ಬಿಲ್ಲಿಗೊಂದು ಕಾಗದ, ರಸೀದಿಗೊಂದು ಕಾಗದ, ಎರಡರ ತಾರೀಖೂ ಬೇರೆ. ಯಾರ ಕೈಗೆ ಕೊಡಬೇಕು ಎಂದು ಬಿಲ್ಲಿನ ಮೇಲೇ ಬರೆಯುತ್ತೇನೆ. ಎಣಿಸದೆ ಸಹಿ ಮಾಡುವುದಿಲ್ಲ. ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ಇದನ್ನೇ ಹೇಳುತ್ತೇನೆ. ಅದರಿಂದ ಕೆಲವು ಕೆಲಸ ತಪ್ಪಿಹೋಗಿದ್ದೂ ಉಂಟು, ಅದನ್ನೂ ಹೇಳುತ್ತೇನೆ.

ಆಗ, ಫೀಸು ಕಟ್ಟಲು ಇದ್ದ ಹತ್ತನೆಯ ದಿನವೂ ಕಳೆಯಿತು. ಸೀಟು ಬೇರೆಯವರಿಗೆ ಹೋಯಿತು ಎಂದು ಮೈಸೂರಿನಿಂದ ಕಾಗದ ಬಂತು. ಇನ್ನೂ ಎರಡು ವರ್ಷ ನಾನು ಅದೇ ನಡುಮನೆಯಲ್ಲಿ ಮಲಗಿದೆ. ಭಾವ ಬಿಲ್ಲಿನ ಮಾತು ಎತ್ತುವುದನ್ನು ನಿಲ್ಲಿಸಿದರು, ನಾನೂ ನಿಲ್ಲಿಸಿದೆ.

ಮೈಸೂರಿನ ಕಾಗದ ಬಂದ ವಾರವೇ ಇರಬೇಕು, ಅಕ್ಕನೂ ನಾನೂ ಸಕ್ಕರೆಗೆಂದು ರೇಷನ್ ಡಿಪೋ ಮುಂದೆ ನಿಂತಿದ್ದೆವು. ಭಾವ ಇಲ್ಲದ ಕಡೆ ನಾವಿಬ್ಬರೇ ಇರುವುದು ಅಪರೂಪವಾಗಿತ್ತು. ಕ್ಯೂ ಉದ್ದ ಇತ್ತು. ಅವಳ ಬೆನ್ನಿಗೆ ಹತ್ತಿರವಾಗಿ ನಿಂತು, ಹಿಂದಿನವರಿಗೆ ಕೇಳಿಸದ ಹಾಗೆ ಕೇಳಿದೆ. ಅವಳು ತಿರುಗಲಿಲ್ಲ. “ಮುಂದೆ ಹೋಗ್ತಿದೆ ನೋಡು, ನಡಿ,” ಎಂದಳು. ಕೇಳಿಸಲಿಲ್ಲವೇನೋ. ನಾನು ಅಷ್ಟು ಮೆಲ್ಲಗೆ ಕೇಳಿದ್ದೂ ಕೇಳಿಸದೇ ಇರಲಿ ಎಂದೇ ಇರಬಹುದು. ಭಾವ ಈಗ ಇಲ್ಲ. ಅಕ್ಕ ಇದ್ದಾಳೆ, ಎಲ್ಲವನ್ನೂ ಮಾತಾಡುತ್ತಾಳೆ. ಆ ದಿನ ಕ್ಯೂನಲ್ಲಿ ನಾನು ಕೇಳಿದ್ದು ಇಷ್ಟೇ:

“ಅಕ್ಕಾ, ಆ ದುಡ್ಡು ನಮ್ಮನೆಗೆ ಬಂದಿದ್ದು ನಿಂಗೆ ಗೊತ್ತಿತ್ತಾ?”