ಅಪ್ಪಣೆಗೆ ಕಾದ ಮಾಣಿಕ ಸರ್

ಮಾಣಿಕ ಸರ್ ಅವರ ಕೀಬೋರ್ಡಿನಲ್ಲಿ ಅರವತ್ತೊಂದು ಕೀಗಳಿದ್ದವು. ಪಿಯಾನೋದಲ್ಲಿ ಎಂಬತ್ತೆಂಟು. ಕಡಿಮೆ ಬಿದ್ದ ಇಪ್ಪತ್ತೇಳನ್ನು ಅವರು ಸೀಮೆಸುಣ್ಣದಿಂದ ಮೇಜಿನ ಮೇಲೆ, ಕೀಬೋರ್ಡಿನ ಎರಡೂ ಬದಿಗೆ ಬರೆದುಕೊಂಡಿದ್ದರು. ನುಡಿಸುತ್ತ ನುಡಿಸುತ್ತ ಅವರ ಬಲಗೈ ಕೀಬೋರ್ಡು ದಾಟಿ ಮರದ ಮೇಲೆ ಹೋಗುತ್ತಿತ್ತು. ಸಂಗೀತ ನಿಲ್ಲುತ್ತಿತ್ತು, ಬೆರಳು ನಿಲ್ಲುತ್ತಿರಲಿಲ್ಲ. ಟಕಟಕ ಎಂದು ಅಲ್ಲಿನ ಕೆಲಸ ಮುಗಿಸಿಯೇ ವಾಪಸು ಬರುತ್ತಿತ್ತು.

“ಸರ್, ಏನೂ ಕೇಳಸ್ಲಿಲ್ರಿ” ಎಂದಿದ್ದೆ ಮೊದಲ ದಿನ.

“ನಂಗ ಕೇಳ್ತು ತಂಗಿ” ಅಂದರು.

ಗಾಣಗಾಪುರದಲ್ಲಿ ದತ್ತನ ಗುಡಿಯ ಹತ್ತಿರ ನಮ್ಮ ತಂದೆಯದೊಂದು ಸಣ್ಣ ಲಾಡ್ಜು. ಅದರ ಮಾಳಿಗೆಯ ಮೂಲೆಕೋಣೆಯಲ್ಲಿ ಸರ್ ಮತ್ತು ಅವರ ತಾಯಿ ಇದ್ದರು. ತಾಯಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಸರ್ ಸೊಲ್ಲಾಪುರದ ಶಾಲೆಯೊಂದರಲ್ಲಿ ಪಿಯಾನೋ ಕಲಿತು, ಮುಂಬೈಯ ಹೋಟೆಲುಗಳಲ್ಲಿ ಹದಿನೈದು ವರ್ಷ ಜಾಝ್ ನುಡಿಸಿದವರು. ತಾವೇ ಕಟ್ಟಿದ ನಲವತ್ತು ರಚನೆಗಳು ಒಂದು ನೀಲಿ ಫೈಲಿನಲ್ಲಿದ್ದವು. ಸರ್ ಅವರ ತಂದೆ ತೀರಿಕೊಂಡ ಮೇಲೆ ಆಯಿ ಮಾತು ಬಿಟ್ಟುಬಿಟ್ಟರು. ಔಷಧ ತಾಗದಿದ್ದಾಗ ಸರ್ ಅವರನ್ನು ಇಲ್ಲಿಗೆ ಸೇವೆಗೆ ಕರೆತಂದರು. ಆಗ ನಾನು ಐದನೇ ತರಗತಿ.

ಸೇವೆಗೆ ಕೂತವರು ಬೆಳಿಗ್ಗೆ ನದಿಗಳ ಸಂಗಮದಲ್ಲಿ ಮಿಂದು, ಮಧ್ಯಾಹ್ನ ಐದು ಮನೆಗಳಲ್ಲಿ ಮಾಧುಕರಿ ಬೇಡಿ ಉಣ್ಣುತ್ತಾರೆ. ಇನ್ನು ಹೋಗು ಎಂದು ದತ್ತ ಕನಸಿನಲ್ಲಿ ಅಪ್ಪಣೆ ಕೊಡುವವರೆಗೆ ಊರು ಬಿಡುವುದಿಲ್ಲ. ಕೆಲವರಿಗೆ ಹದಿನೈದು ದಿನಕ್ಕೇ ಆಗುತ್ತದೆ. ಆಯಿಗೆ ಎರಡನೇ ವರ್ಷ ಮಾತು ಮರಳಿತು. “ಅಪ್ಪಣೆ ಇನ್ನೂ ಆಗಿಲ್ರಿ” ಎಂದು ಸರ್ ಪ್ರತಿ ವರ್ಷ ನಮ್ಮ ತಂದೆಗೆ ಹೇಳಿ ಕೋಣೆ ಉಳಿಸಿಕೊಳ್ಳುತ್ತಿದ್ದರು.

ಓಣಿಯ ಏಳೆಂಟು ಹುಡುಗಿಯರಿಗೆ ಅವರು ಕೀಬೋರ್ಡು ಕಲಿಸುತ್ತಿದ್ದರು. ತಂದೆತಾಯಿಗಳಿಗೆ ಬೇಕಿದ್ದದ್ದು ಭಜನೆ ಪದ. ಸರ್ ಅದನ್ನೇ ಕಲಿಸಿ, ಕೆಳಗೆ ತಮ್ಮ ಎಡಗೈ ಸೇರಿಸುತ್ತಿದ್ದರು. “ಎಡಗೈ ಮನಿ ನಡಸ್ತದ, ಬಲಗೈ ಊರ ತಿರಗ್ತದ. ಎಡಗೈ ತಪ್ಪಿತಂದ್ರ ಬಲಗೈಗೆ ಮನಿ ಸಿಗಂಗಿಲ್ಲ” ಎನ್ನುವರು. ಒಮ್ಮೆ ಅತನೂರಿನ ಭಜನಾ ಮೇಳದವರು ಅವರನ್ನು ಹಾರ್ಮೋನಿಯಂ ಪೇಟಿಗೆ ಕೂಡಿಸಿಕೊಂಡರು. ಎರಡನೇ ನುಡಿಗೇ ಸರ್ ಎತ್ತೆತ್ತಲೋ ಹೊರಟುಬಿಟ್ಟರು. ತಾಳ ಹಾಕುತ್ತಿದ್ದ ಹಿರಿಯರು ಕೈ ನಿಲ್ಲಿಸಿದರು.

“ಏ ಮಾಸ್ತರಾ, ಎಲ್ಲಿ ಹೊಂಟಿ? ಪದ ಇಲ್ಲೇ ಅದ!”

“ಒಂದ್ ಸುತ್ತ ಹಾಕಿ ಬರ್ತೇನ್ರಿ ಕಾಕಾ.”

“ಲಗೂ ಬಾ ಮತ್ತ. ದೇವ್ರು ಕಾಯಾಕತ್ಯಾನ!”

ಸರಿಯಾಗಿ ಪಲ್ಲವಿಗೆ ಬಂದು ಸೇರಿದರು. ಅವತ್ತು ಅವರು ನಕ್ಕಷ್ಟು ಮತ್ತೆಂದೂ ನಕ್ಕದ್ದನ್ನು ನಾನು ನೋಡಿಲ್ಲ.

ನಾನು ಕಡಗಂಚಿಯ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಓಡಾಡುತ್ತ ಎಂ.ಎ. ಕೊನೆಯ ವರ್ಷದಲ್ಲಿದ್ದಾಗ ಪುಣೆಯಿಂದ ಅವರ ಹಳೆಯ ಗೆಳೆಯರೊಬ್ಬರ ಸಂದೇಶ ಬಂತು. ಹೊಸ ಸಂಗೀತ ಶಾಲೆ, ಜಾಝ್ ಕಲಿಸಬೇಕು, ತಾಯಿಯೊಂದಿಗೆ ಇರಲು ಮನೆಯೂ ಉಂಟು, ಸೋಮವಾರದೊಳಗೆ ತಿಳಿಸಿ ಎಂದಿತ್ತು. ಸರ್ ಅದನ್ನು ನನಗೆ ಎರಡು ಸಲ ಓದಿ ಹೇಳಿದರು.

“ಖರೇ ಪಿಯಾನೋ ಅದಂತ ತಂಗಿ. ದೊಡ್ಡದು.” ಆಮೇಲೆ ಫೋನು ಮಗುಚಿಟ್ಟರು. “ಆದ್ರ ಆಯಿಗೆ ಅಪ್ಪಣೆ ಆಗಿಲ್ಲಲ್ಲ.”

ಬೇರೆಯವರ ವಿಷಯಕ್ಕೆ ನಾನು ಹೋಗುವವಳಲ್ಲ. ಆ ಸಲ ಹೋದೆ. ಮರುದಿನ ಊರಿಗೆ ಮರಳುವ ಬಸ್ಸಿನಲ್ಲಿ ಕೂತು ಒಂದು ಸುಳ್ಳನ್ನು ಬಾಯಿಪಾಠ ಮಾಡಿಕೊಂಡೆ. ಆಯಿ ಮೆಟ್ಟಿಲ ಮೇಲೆ ತೊಗರಿಬೇಳೆ ಆರಿಸುತ್ತಿದ್ದರು.

“ಆಯಿ, ನಂಗ ಕನಸ ಬಿದ್ದಿತ್ರಿ. ನೀವು ಊರಿಗೆ ಹೊಂಟಂಗ. ಸ್ವಾಮಿನೇ ಕಳಿಸಿದಂಗ.”

ಆಯಿ ನನ್ನ ಮುಖ ನೋಡಿದರು. “ಸುಳ್ಳ ಹೇಳಾಕ ಬರಂಗಿಲ್ಲ ನಿಂಗ. ಯಾಕ ಹೇಳ್ತಿಬೇ?” ಮೊರ ಕೆಳಗಿಟ್ಟರು. “ನಂಗ ಅಪ್ಪಣೆ ಆಗಿ ಎಂಟು ವರ್ಷ ಆತು. ಎದ್ದಾಕಿನೇ ಮಾಣಿಕಂಗ ಹೇಳೀನಿ. ಇನ್ನೊಮ್ಮೆ ಬೀಳಲಿ ಆಯಿ, ಖಾತ್ರಿ ಆಗ್ಲಿ ಅಂದ. ಇನ್ನೊಮ್ಮೆನೂ ಬಿತ್ತು. ಸುಮ್ನಾದ. ಅಂವಾ ಹೊಂಟೇನಿ ಅಂದ್ರ ನಾ ಈಗ ಗಂಟ ಕಟ್ತೇನಿ.”

ಸೋಮವಾರ ಪಾಠಕ್ಕೆ ಹೋದಾಗ, “ಆಯಿ ಎಲ್ಲಾ ಹೇಳಿದ್ರು ಸರ್” ಎಂದಷ್ಟೇ ಹೇಳಿದೆ.

ಅವರ ಕೈಗಳು ಕೀಬೋರ್ಡಿನ ಮೇಲೆಯೇ ಇದ್ದವು. “ಹನ್ನೆರಡ ವರ್ಷ ಆತು ಪಿಯಾನೋ ಮುಟ್ಟಿ. ಅಲ್ಲಿ ಬರೋ ಹುಡುಗ್ರು ಇಪ್ಪತ್ತರ ವಯಸ್ಸಿನವರು, ಗಾಳಿ ಹಂಗ ಬಾರಸ್ತಾರ. ಅಲ್ಲಿ ಎಲ್ಲಾ ಕೇಳ್ತದ ತಂಗಿ. ನಂದು ತಪ್ಪೂ ಕೇಳ್ತದ.” ಕೀಬೋರ್ಡು ಆರಿಸಿ, “ಯಾರಿಗೂ ಹೇಳಬ್ಯಾಡ” ಅಂದರು.

ನಾನು ಯಾರಿಗೂ ಹೇಳಲಿಲ್ಲ. ಸಿಟ್ಟು ಬಂದಿತ್ತು, ಅದನ್ನೂ ಹೇಳಲಿಲ್ಲ. ಅವರು ಪುಣೆಗೆ ಉತ್ತರ ಬರೆಯಲಿಲ್ಲ. ಕೆಲವು ತಿಂಗಳಿಗೆ ಜೇವರ್ಗಿಯ ಕಾಲೇಜಿನಲ್ಲಿ ನನಗೆ ಕೆಲಸ ಸಿಕ್ಕಿತು. ಮರುದಿನದ ಬಸ್ಸಿಗೇ ಹೊರಟೆ. ಎರಡು ದಿನ ಯೋಚಿಸಿದ್ದರೆ ನಾನೂ ಉಳಿದುಬಿಡುತ್ತಿದ್ದೆನೇನೋ.

ಹೋದ ಮಳೆಗಾಲದಲ್ಲಿ ಆಯಿ ತೀರಿಕೊಂಡರು. ತಿಂಗಳ ಮೇಲೆ ರಜೆಗೆ ಊರಿಗೆ ಬಂದೆ. ಇನ್ನು ಸರ್ ಅವರನ್ನು ಹಿಡಿದಿಡುವ ನೆಪವೇ ಇಲ್ಲ, ಮೂಲೆಕೋಣೆ ಖಾಲಿಯಾಗಿರಬಹುದು ಎಂದುಕೊಂಡಿದ್ದೆ. ಮಧ್ಯಾಹ್ನ ಬಾಗಿಲಲ್ಲಿ ಭಿಕ್ಷೆಯ ಕೂಗು ಕೇಳಿತು. ಆ ಹೊತ್ತಿಗೆ ದತ್ತ ಯಾವ ವೇಷದಲ್ಲಾದರೂ ಬರುತ್ತಾನೆಂದು ನಮ್ಮೂರಲ್ಲಿ ಯಾರನ್ನೂ ಬರಿಗೈಲಿ ಕಳಿಸುವುದಿಲ್ಲ. ರೊಟ್ಟಿ, ಪಲ್ಯ ತೆಗೆದುಕೊಂಡು ಹೋದೆ. ಬರಿಗಾಲಲ್ಲಿ, ಕಾವಿಬಟ್ಟೆಯ ಜೋಳಿಗೆ ಹಿಡಿದು ಮಾಣಿಕ ಸರ್ ನಿಂತಿದ್ದರು.

“ಆಯಿದು ಸೇವಾ ಮುಗೀತು ತಂಗಿ” ಅಂದರು. “ನಂದು ಸುರು ಆಗ್ಯಾದ.”

“ಅಪ್ಪಣೆ ಆತೇನ್ರಿ ಸರ್?”

“ಇಲ್ಲ. ಇನ್ನೂ ಇಲ್ಲ” ಎಂದು ಅವಸರದಲ್ಲಿ ಅಂದರು, ನಾನೇ ಅದನ್ನು ತಂದು ಕೈಗೆ ಕೊಟ್ಟುಬಿಡುತ್ತೇನೋ ಎಂಬಂತೆ.

ನಾನು ರೊಟ್ಟಿ ಹಾಕಿದೆ. ಜೋಳಿಗೆಯ ಬಾಯಿ ಮುಚ್ಚಿಕೊಂಡು, “ಇನ್ನೂ ನಾಕು ಮನಿ ಅವ” ಎಂದು ಹೊರಟರು.