‘ಹಿಡಿ’ ಎನ್ನಬಾರದ ಅಂಗಳ

ನಮ್ಮ ಚಿಕ್ಕಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಎದುರು ಮಾತಾಡಿದವರು ಯಾರೇ ಆಗಲಿ, ಗಿರಾಕಿಯೋ ಹೆಂಡತಿಯೋ ಎಂದು ನೋಡುತ್ತಿರಲಿಲ್ಲ. ಆದರೆ ಮರದ ಮೇಲೆ ಮಾತ್ರ ಅವರು ಎಂದೂ ಸಿಟ್ಟು ಮಾಡಿದವರಲ್ಲ. ಗಂಟುಗಂಟಾದ ಹಲಗೆಯನ್ನೂ ಬೆನ್ನು ಸವರಿ, ಪುಸಲಾಯಿಸಿ ದಾರಿಗೆ ತರುತ್ತಿದ್ದರು. ಬಡಗಿ ಕೆಲಸ ನಮ್ಮಜ್ಜನಿಂದ ಅವರಿಗೆ ಬಂದದ್ದು. ಮನೆಯ ಮುಂದಿನ ಅಂಗಳಕ್ಕೆ ತಗಡಿನ ಸೂರು ಹಾಕಿ ಅದನ್ನೇ ಕಾರ್ಖಾನೆ ಮಾಡಿಕೊಂಡಿದ್ದರು. ಕೊಯ್ಯುವುದು, ಕೆತ್ತುವುದು ಅವರದು. ಹೊರುವುದು, ಜೋಡಿಸುವುದು ಉದ್ದಣ್ಣನದು. ಆತನ ಎತ್ತರ ನೋಡಿದವರು ಬೇರೆ ಹೆಸರು ಕೇಳುವುದಿಲ್ಲ. ಬಣ್ಣ, ಪಾಲಿಶ್ ನನ್ನದು. ಹೀಗೆ ಮೂರು ಜನರ ಸಂಸಾರ ಸುಖವಾಗಿಯೇ ನಡೆದಿತ್ತು.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಉಪಕರಣದ ಪೆಟ್ಟಿಗೆಯೇ ಇಲ್ಲ. ಅಜ್ಜನ ಉಜ್ಜುಗೊರಡು, ಉಳಿಗಳು, ಸಣ್ಣ ಗರಗಸ, ಎಲ್ಲ ಮಾಯ. ಚಿಕ್ಕಪ್ಪ ಅತ್ತದ್ದನ್ನು ನಾನು ನೋಡಿಲ್ಲ, ಚಿಕ್ಕಮ್ಮ ನೋಡಿದ್ದಾರಂತೆ. ಆ ವಾರವೇ ಮನೆಗೆ ನಾಯಿಮರಿ ಬಂತು.

ಬಂದಾಗ ಮಡಿಲಲ್ಲಿ ಮಲಗುವಷ್ಟಿದ್ದದ್ದು ನೋಡನೋಡುತ್ತಲೇ ಕರುವಿನಷ್ಟಾಯಿತು. ನಾವೆಲ್ಲ ಬೆವರು ಸುರಿಸುವಾಗ ಅದು ಮರದ ಹೊಟ್ಟಿನ ರಾಶಿಯ ಮೇಲೆ ಕಾಲು ಚಾಚಿ ಬಿದ್ದಿರುತ್ತಿತ್ತು. ಅದಕ್ಕೇ ಉದ್ದಣ್ಣ ಅದನ್ನು ‘ಧಣಿ’ ಎಂದ. ಆ ಹೆಸರೇ ಅಂಟಿಕೊಂಡಿತು.

ಚಿಕ್ಕಪ್ಪ ಅದಕ್ಕೆ ಕಲಿಸಿದ್ದು ಒಂದೇ ಪಾಠ. ಗೋಣಿಚೀಲಕ್ಕೆ ಹೊಟ್ಟು ತುಂಬಿ, ತೊಲೆಗೆ ನೇತುಹಾಕಿ, ಅತ್ತಿತ್ತ ತೂಗಿಸಿ ‘ಹಿಡಿ’ ಎನ್ನುವರು. ಧಣಿ ಹಾರಿ ಕಚ್ಚಿ ಜೋತುಬೀಳುವುದು. ‘ಶಭಾಷ್’ ಎಂದು ಬಿಸ್ಕತ್ತು ಕೊಡುವರು. ಕೊನೆಕೊನೆಗೆ ಆ ಗೋಣಿಗೆ ತಮ್ಮ ಹಳೆಯ ಅಂಗಿ ತೊಡಿಸಿದರು, ಕಳ್ಳನ ಹಾಗೆ ಕಾಣಲಿ ಎಂದು. ತೋಳು ಮೊದಲು ಹರಿಯಿತು. ಅಂದು ಅವರ ಮುಖ ನೋಡಬೇಕಿತ್ತು; ಸ್ವಂತ ಮಗ ಶಾಲೆಯಲ್ಲಿ ಮೊದಲ ಸ್ಥಾನ ಗಳಿಸಿದ ಹಾಗೆ ಬೀಗುತ್ತಿದ್ದರು.

ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಲು ಬಂದ ಪಶುವೈದ್ಯೆಗೂ ಈ ಆಟ ತೋರಿಸಿದರು. ಆಕೆ ನಗಲಿಲ್ಲ.

"ಹಿಡಿ ಅಂತ ಕಲಿಸಿದೀರಿ. ಬಿಡು ಅಂತ ಕಲಿಸಿದೀರಾ?"

"ಕಳ್ಳನ್ನ ಹಿಡಿದ ಮೇಲೆ ಬಿಡೋದ್ಯಾಕೆ ಡಾಕ್ಟ್ರೇ?" ಎಂದರು ಚಿಕ್ಕಪ್ಪ. ತಮ್ಮ ಮಾತಿಗೆ ತಾವೇ ನಕ್ಕರು.

"ಕಳ್ಳ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ? ಅದಕ್ಕೆ ಗೊತ್ತಿರೋದು ಆ ಮಾತೊಂದೇ. ಈ ಆಟ ನಿಲ್ಲಿಸಿ. ಕೆಲಸದ ಹೊತ್ತಲ್ಲಿ ಕಟ್ಟಿ. ನಾನು ಬಂದು ಕಲಿಸಿಕೊಡ್ತೀನಿ, ಇನ್ನೂ ಚಿಕ್ಕ ವಯಸ್ಸು, ಕಲಿಯುತ್ತೆ."

ಚಿಕ್ಕಪ್ಪ ಹೂಂ ಎಂದರು. ಅವರ ಹೂಂ ಎಂದರೆ ಆ ವಿಷಯ ಅಲ್ಲಿಗೆ ಮುಗಿಯಿತು ಎಂದರ್ಥ.

ಈಗ ನೀವೇ ಯೋಚಿಸಿ. ಬಡಗಿಯ ಅಂಗಳದಲ್ಲಿ ‘ಹಿಡಿ’ ಎನ್ನದೆ ಒಂದು ಹಗಲು ಕಳೆಯಲು ಸಾಧ್ಯವೇ? ಹಲಗೆಯ ಆ ತುದಿ ಹಿಡಿ, ದಾರ ಹಿಡಿ, ದೀಪ ಹಿಡಿ, ಇಗೋ ಚಹಾ ಹಿಡಿ. ಉಳಿಗೆ ಹಿಡಿ ಇದೆ, ಬಾಗಿಲಿಗೆ ಹಿಡಿಕೆ ಇದೆ. ಮಳೆ ಹಿಡಿದುಕೊಳ್ಳುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ಜಗತ್ತಿನಲ್ಲಿ ಎಷ್ಟೊಂದು ಮಾತು ಇರುವಾಗ ಇದೇ ಮಾತನ್ನು ಆರಿಸಿ ನಾಯಿಯ ಬಾಯಿಗೆ ಕೊಟ್ಟರಲ್ಲ ಎಂದು ನನಗೆ ಇಂದಿಗೂ ಮೈ ಉರಿಯುತ್ತದೆ.

ಮೊದಲು ಸಿಕ್ಕಿಬಿದ್ದವನು ಗಾಜಿನವನು. ಕಪಾಟಿಗೆ ಗಾಜು ತಂದಿದ್ದ. ಗೇಟಿನ ಬಳಿ ಅದು ಜಾರಿತು. ಜೊತೆಯವನಿಗೆ "ಹಿಡಿ, ಹಿಡಿ" ಎಂದನಷ್ಟೇ. ಧಣಿ ಹೊಟ್ಟಿನ ರಾಶಿಯಿಂದ ಎದ್ದದ್ದೂ ಗೊತ್ತಾಗಲಿಲ್ಲ, ಅವನ ಪ್ಯಾಂಟಿಗೆ ಬಾಯಿ ಹಾಕಿದ್ದೂ ಗೊತ್ತಾಗಲಿಲ್ಲ. ಗಾಜು ಚೂರಾಯಿತು. ಬಟ್ಟೆ ಹರಿದು ಬಾಯಿಗೆ ಬಂದದ್ದರಿಂದ ಚರ್ಮ ಉಳಿಯಿತು. ಗಾಜಿನವನು ಗೋಡೆಗೆ ಒರಗಿ ನಡುಗುತ್ತಿದ್ದರೆ ನಮ್ಮ ಚಿಕ್ಕಪ್ಪ, "ಮೈಗೇನೂ ಆಗಿಲ್ಲ ತಾನೇ? ನೋಡಿದ್ರಾ, ಒಂದೇ ಮಾತಿಗೆ ಹೇಗೆ ಬಂತು" ಎಂದರು.

ಅಂದು ಸಂಜೆ ನಾನು ಸುಮ್ಮನಿರಲಿಲ್ಲ. "ಅದನ್ನ ಕಟ್ಟಿ ಹಾಕಿ ಚಿಕ್ಕಪ್ಪ. ಇಲ್ಲಾಂದ್ರೆ ಹಿಂದೆ ಒಂದು ಬೇಲಿ ಮಾಡಿ. ಊರಿಗೆಲ್ಲ ಬಾಗಿಲು ಮಾಡ್ತೀರಿ, ನಿಮ್ಮ ನಾಯಿಗೊಂದು ಬಾಗಿಲು ಮಾಡೋಕಾಗಲ್ವಾ?"

"ಕಟ್ಟಿದ್ರೆ ಅದರ ಮನಸ್ಸು ಕೆಡುತ್ತೆ" ಎಂದರು. ಮರುದಿನ ಅವರು ಮಾಡಿದ್ದು ಬೇಲಿಯನ್ನಲ್ಲ, ಒಂದು ಫಲಕವನ್ನು. ಒಳ್ಳೆಯ ಹಲಗೆಯ ಮೇಲೆ ದುಂಡಗೆ ಅಕ್ಷರ ಕೆತ್ತಿದರು: ‘ಇಲ್ಲಿ ಯಾರೂ ಹಿಡಿ ಎನ್ನಬಾರದು.’ ಅದಕ್ಕೆ ನನ್ನಿಂದಲೇ ಪಾಲಿಶ್ ಹೊಡೆಸಿದರು.

ನಾಯಿಗೆ ಬುದ್ಧಿ ಕಲಿಸುವ ಬದಲು ಬೀದಿಗೇ ಭಾಷೆ ಕಲಿಸಲು ಹೊರಟರು. ನಾವು ‘ಆನಿಸು’, ‘ತಗೋ’, ‘ಕೈ ಕೊಡು’ ಎಂದು ತಡವರಿಸತೊಡಗಿದೆವು. ಬಾಗಿಲ ಹಿಡಿಕೆ ‘ಅದು’ ಆಯಿತು. ಉದ್ದಣ್ಣ ಸೊಂಟ ನೋವೆಂದು ರಜೆ ಕೇಳುವಾಗಲೂ ನಾಯಿಯ ಕಡೆ ನೋಡಿ, "ಸೊಂಟ… ಅದಾಗಿದೆ" ಎಂದ. ಬೀದಿಯವರು ಮೊದಮೊದಲು ನಕ್ಕರು. ಆಮೇಲೆ ನಗು ನಿಂತು, ನಮ್ಮ ಗೇಟಿನ ಮುಂದೆ ಮಾತು ನಿಲ್ಲಿಸಿ ನಡೆಯುವುದು ರೂಢಿಯಾಯಿತು. ಮಕ್ಕಳಿಗೂ ಗೊತ್ತು, ‘ಹಿಡಿ’ ಎಂದರೆ ನಾಯಿ ಛೂ ಬಿಟ್ಟ ಹಾಗೆ ಎಂದು.

ಹೆದರದೆ ಬರುತ್ತಿದ್ದವಳು ರೇಡಿಯೋ ಒಬ್ಬಳೇ. ಪಕ್ಕದ ಮನೆಯ ದರ್ಜಿಯಮ್ಮನ ಮಗಳು. ಒಂದನೇ ತರಗತಿ. ಬಾಯಿ ತೆರೆದರೆ ಮುಚ್ಚುವುದಿಲ್ಲವೆಂದು ಆ ಹೆಸರು ಇಟ್ಟದ್ದು ಚಿಕ್ಕಪ್ಪನೇ; ಅವಳಿಗೆ ಅವರು ‘ತಾತ’. ಶಾಲೆ ಬಿಟ್ಟವಳೇ ಬಂದು ಉಳಿಕೆ ಮರದ ತುಂಡುಗಳನ್ನು ಆರಿಸಿ ಮನೆ ಕಟ್ಟುತ್ತ ಕೂರುವಳು. ಅವಳಮ್ಮನಿಗೆ ಇದು ಸರಿಬರುತ್ತಿರಲಿಲ್ಲ. ಹೊಲಿಗೆ ಯಂತ್ರ ನಿಲ್ಲಿಸಿ ಗೋಡೆಯಾಚೆಯಿಂದ ಕೇಳುವರು: "ನಾಯಿ ಬಿಟ್ಟಿದೀರಾ?"

"ಧಣಿ ಮಲಗಿದೆ, ಏನೂ ಮಾಡಲ್ಲ ಬಿಡಮ್ಮ. ನಾನಿದೀನಲ್ಲ" ಎನ್ನುವರು ಚಿಕ್ಕಪ್ಪ.

ಪಾಲಿಶ್ ಬಟ್ಟೆ ಕೈಯಲ್ಲಿದ್ದರೂ ನನ್ನ ಒಂದು ಕಣ್ಣು ಆ ಮಗುವಿನ ಮೇಲೆ, ಇನ್ನೊಂದು ಹೊಟ್ಟಿನ ರಾಶಿಯ ಮೇಲೆ. ಯಾರಾದರೂ ಹೊಸ ಗಿರಾಕಿ ಗೇಟು ತೆರೆದರೆ ಜೀವ ಬಾಯಿಗೆ ಬರುತ್ತಿತ್ತು. ಅವರು ಮಾತು ಮುಗಿಸಿ ಹೋಗುವವರೆಗೂ ನಾನು ಮಗುವಿನ ಪಕ್ಕ ಹೋಗಿ ನಿಲ್ಲುತ್ತಿದ್ದೆ. ಅಪಾಯ ಹೊರಗಿನವರ ಬಾಯಿಂದಲೇ ಬರುತ್ತದೆ ಎಂದು ನನ್ನ ಲೆಕ್ಕ.

ಅಂದು ಉದ್ದಣ್ಣ ಬಂದಿರಲಿಲ್ಲ. ಮಧ್ಯಾಹ್ನದ ಹೊತ್ತು. ಚಿಕ್ಕಪ್ಪ ದೊಡ್ಡ ಬೀರುವಿನ ಬಾಗಿಲನ್ನು ಒಬ್ಬರೇ ಕೂರಿಸುತ್ತಿದ್ದರು. ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ತಿರುಪುಳಿ, ಬಾಯಲ್ಲಿ ತಿರುಪುಮೊಳೆ. ನಾನು ಅಂಗಳದ ಆ ಮೂಲೆಯಲ್ಲಿ ಕುರ್ಚಿಗಳಿಗೆ ಪಾಲಿಶ್ ಹಚ್ಚುತ್ತಿದ್ದೆ. ಬೀರುವಿನ ಪಕ್ಕದಲ್ಲೇ ರೇಡಿಯೋ ತುಂಡುಗಳನ್ನು ಜೋಡಿಸುತ್ತ, ಶಾಲೆಯಲ್ಲಿ ಯಾರು ಯಾರ ಪೆನ್ಸಿಲು ಮುರಿದರು ಎಂಬ ವರದಿ ಒಪ್ಪಿಸುತ್ತಿದ್ದಳು. ಬಾಗಿಲು ಜಾರಿತು. ಅದರ ಅಂಚು ಅವಳ ತಲೆಯ ಕಡೆಗೇ ವಾಲಿತು. ಚಿಕ್ಕಪ್ಪ ಬಾಯಿಂದ ಮೊಳೆ ಉಗುಳಿದರು.

"ಹಿಡಿ ಕಂದಾ, ಹಿಡಿ."

ಇಡೀ ಬೀದಿಗೆ ನಿಷೇಧ ಹಾಕಿದ ಮನುಷ್ಯ. ಹುಟ್ಟಿನಿಂದ ಆಡಿದ ಮಾತು, ಕೈ ಸೋತಾಗ ನಾಲಿಗೆಗೆ ಬಂದದ್ದು ಅದೇ. ಮಗು ಎರಡೂ ಕೈ ಚಾಚಿ ಬಾಗಿಲಿಗೆ ಆನಿಸಿತು. ಧಣಿ ಎದ್ದಿತು.

ಅದು ಬೊಗಳಲಿಲ್ಲ, ಗುರ್ ಎನ್ನಲೂ ಇಲ್ಲ. ತಲೆ ತಗ್ಗಿಸಿ ನೇರವಾಗಿ ಓಡಿತು. ಅದರ ಕಣ್ಣು ಆ ಚಾಚಿದ ಪುಟ್ಟ ತೋಳಿನ ಮೇಲಿತ್ತು. ನಾನು ಕೂಗಿದೆ, ಏನು ಕೂಗಿದೆನೋ ತಿಳಿಯದು. ಚಿಕ್ಕಪ್ಪ ಬಾಗಿಲನ್ನು ಬಿಟ್ಟು ಮಗುವಿನ ಮುಂದೆ ಅಡ್ಡ ಬಿದ್ದರು. ಬೀರುವಿನ ಬಾಗಿಲು ಅವರ ಬೆನ್ನ ಮೇಲೆ ಬಿತ್ತು, ನಾಯಿ ಅವರ ಬಲಗೈಯ ಮೇಲೆ.

"ಬಿಡು" ಎಂದರು ಚಿಕ್ಕಪ್ಪ. "ಬಿಡು, ಧಣಿ. ಬಿಡು."

ಧಣಿಗೆ ಆ ಮಾತು ಗೊತ್ತಿರಲಿಲ್ಲ. ಅದು ಅವರ ಮುಖವನ್ನೇ ನೋಡುತ್ತಿತ್ತು. ಬಾಲ ಆಡಿಸುತ್ತಿತ್ತು. ಹೇಳಿದ ಕೆಲಸ ಮಾಡಿದ್ದೇನೆ, ಶಭಾಷ್ ಎನ್ನಿ ಎಂದು ಕಾಯುತ್ತಿತ್ತು. ಅವರು ಕೈ ಎಳೆದಷ್ಟೂ ಅದು ಬಿಗಿಯಾಗುತ್ತಿತ್ತು, ತೂಗುವ ಗೋಣಿಯ ಜೊತೆ ಕಲಿತದ್ದೇ ಹಾಗೆ. ನಾನು ರೇಡಿಯೋಳನ್ನು ಎತ್ತಿಕೊಂಡು ಒಳಗೆ ಓಡಿ ಬಾಗಿಲು ಹಾಕಿದೆ. ಚಿಕ್ಕಮ್ಮ ದೊಡ್ಡ ಗೋಣಿ ತಂದು ನಾಯಿಯ ತಲೆಯ ಮೇಲೆ ಹಾಕಿ ಕತ್ತಲು ಮಾಡಿದರು. ಎಷ್ಟೋ ಹೊತ್ತಾಯಿತೆನಿಸಿದ ಮೇಲೆ ದವಡೆ ಸಡಿಲವಾಯಿತು.

ಚಿಕ್ಕಮ್ಮ ಗದ್ದಲ ಮಾಡಲಿಲ್ಲ. ಧಣಿಯನ್ನು ಹಿತ್ತಿಲ ಕೋಣೆಗೆ ದೂಡಿ ಚಿಲಕ ಹಾಕಿದರು. ಗಂಡನ ಕೈಯನ್ನು ನಲ್ಲಿಯ ಕೆಳಗಿಟ್ಟು ಸಾಬೂನು ಹಾಕಿ ತೊಳೆದೇ ತೊಳೆದರು. ಅವರು ಸಾಕು ಎಂದರೂ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಹೊಲಿಗೆ ಬಿತ್ತು, ಇಂಜೆಕ್ಷನ್ ಆಯಿತು. ಯಾರ ನಾಯಿ ಎಂದು ನರ್ಸ್ ಕೇಳಿದಾಗ ಚಿಕ್ಕಪ್ಪ ಗೋಡೆ ನೋಡಿಕೊಂಡು, "ನಂದೇ" ಎಂದರು. ಎರಡು ಬೆರಳು ಮೊದಲಿನಂತೆ ಮಡಿಯಲಾರವು ಎಂದು ವೈದ್ಯರು ಹೇಳಿದರು. ಬಡಗಿಯ ಬಲಗೈಯ ಬೆರಳುಗಳು.

ರೇಡಿಯೋಳ ಮೊಣಕಾಲು ತರಚಿತ್ತು ಅಷ್ಟೇ. ಆದರೆ ಅವಳು ಮಾತು ನಿಲ್ಲಿಸಿದಳು. ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದೊಂದೇ ಕೇಳುತ್ತಿತ್ತು.

ಬೀದಿಯವರು ಗೇಟಿಗೆ ಬಂದರು. ಕೊಂದು ಹಾಕಿ ಎಂದವರಿದ್ದರು, ಎಲ್ಲಾದರೂ ದೂರ ಬಿಟ್ಟು ಬನ್ನಿ ಎಂದವರೂ ಇದ್ದರು. "ದೂರ ಬಿಟ್ರೆ ಅಲ್ಲಿ ಇನ್ಯಾರೋ ಹಿಡಿ ಅಂತಾರೆ" ಎಂದರು ಚಿಕ್ಕಪ್ಪ. ಆ ಮಾತನ್ನು ಅವರು ಮೆಲ್ಲಗೆ ಆಡಿದರು. ಪಶುವೈದ್ಯೆಗೆ ಹೇಳಿಕಳಿಸಿದರು. ಆಕೆ ಬಂದು ‘ನಾನು ಅವತ್ತೇ ಹೇಳಿದ್ದೆ’ ಎನ್ನಲಿಲ್ಲ. ಅದು ಆಕೆಯ ದೊಡ್ಡತನ, ನನಗಂತೂ ಅಷ್ಟು ದೊಡ್ಡತನವಿಲ್ಲ, ನಾನು ಅಂದೆ. ಉದ್ದಣ್ಣ ಹಿತ್ತಿಲಿಗೆ ಎತ್ತರದ ಬೇಲಿ ಹಾಕಿದ. ಅದಕ್ಕೆ ಎರಡು ಬಾಗಿಲು, ಒಂದು ತೆರೆದರೆ ಇನ್ನೊಂದು ಮುಚ್ಚಿರಲೇಬೇಕು. ಹೊರಗೆ ತಂದರೆ ಬಾಯಿಗೆ ಪಟ್ಟಿ, ಕೊರಳಿಗೆ ಗಟ್ಟಿ ಹಗ್ಗ. ಚಿಕ್ಕಪ್ಪ ದಿನಾ ಎಡಗೈಯಲ್ಲಿ ಬಿಸ್ಕತ್ತು ಇಟ್ಟುಕೊಂಡು, ಬಾಯಲ್ಲಿ ಚೆಂಡು ಕಚ್ಚಿ ಕೂತ ಧಣಿಗೆ ‘ಬಿಡು’ ಕಲಿಸುತ್ತಿದ್ದರು. ಕಲಿತರೂ ಇನ್ನು ಮುಂದೆ ಮಕ್ಕಳಿರುವ ಕಡೆ ಅದನ್ನು ಬಿಡುವಂತಿಲ್ಲ ಎಂದು ವೈದ್ಯೆ ಹೇಳಿದ್ದರು. ಈ ಸಲ ಚಿಕ್ಕಪ್ಪ ಹೂಂ ಎನ್ನಲಿಲ್ಲ. "ಬಿಡಲ್ಲ" ಎಂದರು.

ಕೈಯ ಹೊಲಿಗೆ ಬಿಚ್ಚಿದ ದಿನ ಅವರು ನನ್ನನ್ನು ಕರೆದುಕೊಂಡು ದರ್ಜಿಯಮ್ಮನ ಮನೆಗೆ ಹೋದರು. ಒಬ್ಬರೇ ಹೋಗಲು ಧೈರ್ಯ ಸಾಲಲಿಲ್ಲವೆಂದು ಕಾಣುತ್ತದೆ. ದರ್ಜಿಯಮ್ಮ ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಅವರ ಹಿಂದೆ ರೇಡಿಯೋ ಅಮ್ಮನ ಬಟ್ಟೆಯನ್ನು ಮುಷ್ಟಿಯಲ್ಲಿ ಬಿಗಿದುಕೊಂಡಿದ್ದಳು.

"ನಾಯಿ ಕಟ್ಟಿದೀನಿ ಪುಟ್ಟಿ. ಬೇಲಿನೂ ಆಯ್ತು. ಇನ್ನು ಹೆದರಬೇಡ" ಎಂದರು ಚಿಕ್ಕಪ್ಪ.

ಮಗು ಇನ್ನಷ್ಟು ಹಿಂದೆ ಸರಿಯಿತು. ಆಗ ದರ್ಜಿಯಮ್ಮ ಹೇಳಿದರು: "ಅವಳು ಹೆದರ್ತಿರೋದು ನಾಯಿಗಲ್ಲ. ನಿಮಗೆ."

ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ತಾತ ಧಣಿಗೆ ಹಿಡಿ ಅಂದ್ರು" ಎಂದಳು ರೇಡಿಯೋ ಅಮ್ಮನ ಬೆನ್ನಿಗೆ ಮುಖ ಒತ್ತಿಕೊಂಡು. "ನಾನೇನೂ ಕದ್ದಿರಲಿಲ್ಲ."

ಚಿಕ್ಕಪ್ಪ ಹೊಸ್ತಿಲಲ್ಲೇ ಕೂತರು, ಮಗುವಿನ ಎತ್ತರಕ್ಕೆ.

"ಇಲ್ಲ ಕಂದಾ. ನಿಂಗೆ ಹೇಳಿದ್ದು. ಬಾಗಿಲು ಬೀಳ್ತಿತ್ತಲ್ಲ, ಅದನ್ನ… ನಿಂಗೇ ಹೇಳಿದ್ದು."

"ಮತ್ತೆ ಧಣಿ ಯಾಕೆ ಬಂತು?"

ನಾಲಿಗೆ ತಪ್ಪಿತು ಎನ್ನಬಹುದಿತ್ತು, ಅದು ಪ್ರಾಣಿ, ಅದಕ್ಕೇನು ಗೊತ್ತು ಎನ್ನಬಹುದಿತ್ತು. ಇಷ್ಟು ದಿನ ಹಾಗೆ ಹೇಳಿಯೇ ಅವರಿಗೆ ಅಭ್ಯಾಸ. ಅವರು ಹಾಗೆ ಹೇಳಿಬಿಡುತ್ತಾರೆ ಎಂದೇ ನಾನು ಅಂದುಕೊಂಡಿದ್ದೆ.

"ಯಾರನ್ನಾದ್ರೂ ಸರಿ, ಕಚ್ಚು ಅಂತ ನಾನೇ ಕಲಿಸಿದ್ದೆ" ಎಂದರು. "ಅದಕ್ಕೇ ಬಂತು. ನಿನ್ನ ತಪ್ಪಲ್ಲ, ಅದರದ್ದೂ ಅಲ್ಲ."

ಮಗು ಅಮ್ಮನ ಬೆನ್ನ ಹಿಂದಿನಿಂದ ಇಣುಕಿತು. "ನಾನು ನಿಮ್ಮನೆಗೆ ಬರಲ್ಲ" ಎಂದಿತು.

"ಬರಬೇಡ" ಎಂದರು ಚಿಕ್ಕಪ್ಪ. "ನಾನು ಏನೂ ಆಗಲ್ಲ ಬಾ ಅಂತ ಕರೆದ್ರೂ ಬರಬೇಡ. ಅಮ್ಮ ಬಂದು ನೋಡಿ, ಸರಿ ಇದೆ ಅಂದ್ರೆ ಮಾತ್ರ ಬಾ."

ಚಿಕ್ಕಪ್ಪ ಏಳಲು ಹೋಗಿ ಬಲಗೈ ಊರಲಾರದೆ ತಡಬಡಿಸಿದರು. ನಾನು ತೋಳು ಕೊಟ್ಟು ಎಬ್ಬಿಸಿದೆ. ಮೆಟ್ಟಿಲು ಇಳಿಯುವಾಗ ಅವರು ಅಳುತ್ತಿದ್ದರು. ಅದನ್ನು ಮುಚ್ಚಿಡಲು ಅವರು ಪ್ರಯತ್ನಿಸಲೂ ಇಲ್ಲ.